ಪರಂಗಿ ದಂಟು

ಊರಿಗೆ ಹೊರಡುವಾಗ ಇವೋನೆ ಕೊಟ್ಟುಹೋದ ಪೊಟ್ಟಣ
ಮೂರು ವಾರ ಗೂಡಿನ ಚೀಲಗಳ ಮೇಲೆ ಬಿದ್ದಿತ್ತು.
ಅದರ ಮೇಲೊಂದು ಎಲೆಯ ಚಿತ್ರ, ಒಂದು ಸೋರೆ ಬುರುಡೆ,
ಬುರುಡೆಯೊಳಗೆ ನೆಟ್ಟ ಬೆಳ್ಳಿ ಕೊಳವೆ.
ದಿಲ್‌ಶಾದಳ ಮಗ ಅಕ್ಷರ ಕೂಡಿಸಿ ಓದಿದ: ಮಾಟೆ.
‘ಮಾಟಾನಾ?’ ಪಿಳ್ಳಮ್ಮ ಸೆರಗು ಎಳೆದುಕೊಂಡಳು,
‘ನನ್ನ ಬೇಸಿನ್ ಹತ್ರ ತರಬ್ಯಾಡ್ರಿ ಅದನ್ನ.’

ಇವೋನೆ ಬಂದದ್ದು ನೂಲು ತೆಗೆಯುವುದನ್ನು ನೋಡಲು.
ಅವಳ ಸೀಮೆಯಲ್ಲೂ ಹುಳ ಸಾಕುತ್ತಾರಂತೆ,
ಈ ಸೊಪ್ಪನ್ನೂ ಬೆಳೆಯುತ್ತಾರಂತೆ, ಹೊತ್ತೆಲ್ಲ ಕುಡಿಯುತ್ತಾರಂತೆ.
ಶಿಡ್ಲಘಟ್ಟದ ನಮ್ಮ ಗಲ್ಲಿಯಲ್ಲಿ ಮೂಗು ಮುಚ್ಚದೆ ನಡೆದಳು.
ಬೆಂದ ಹುಳದ ಗಬ್ಬಿಗೆ ‘ಮನೆ, ಮನೆ’ ಅಂದಳು,
ಕಲಿತ ನಾಲ್ಕು ಕನ್ನಡ ಪದಗಳಲ್ಲಿ ಒಂದು ಅದು.

ಸೋಮವಾರ ಕರೆಂಟು ಹೋಗಿ ಚರಕ ನಿಂತವು.
ಮಾಡೇಬಿಡೋಣ ಅಂದೆ.

ಬುರುಡೆ ಎಲ್ಲಿಂದ ತರುವುದು?
ಅಜ್ಜಿ ಇದ್ದಾಗ ಅವರೆ ಬಿತ್ತನೆ ಇಡಲಿಕ್ಕೆ ಇತ್ತು,
ಈಗ ಬಿತ್ತನೆಯೂ ಪ್ಲಾಸ್ಟಿಕ್ ಡಬ್ಬಿ ಸೇರಿದೆ.
‘ಚಿಪ್ಪು ಐತಲ್ಲ’ ಅಂದ ಬಾಬಾಜಾನ್,
‘ಬಟವಾಡೆ ದಿನ ನಮ್ಮ ಕೈಗೆ ಬರೋದು ಅದೇ.’
ತೆಂಗಿನ ಚಿಪ್ಪು ಕೆರೆದು ತೊಳೆದೆ,
ಉರುಳದ ಹಾಗೆ ಹಳೆ ಸೀರೆಯ ಸಿಂಬಿ ಸುತ್ತಿ ಕೂರಿಸಿದೆ.

ಕೊಳವೆ ಅಂದರೆ ಹುಡುಗ ಊದುಕೊಳವೆ ತಂದ.
ಪೆನ್ನಿನ ನಳಿಗೆಯಲ್ಲಿ ಪುಡಿ ಕಚ್ಚಿಕೊಂಡಿತು.
ಕಡೆಗೆ ಬಚ್ಚಲ ಹಿಂದಿನ ಪರಂಗಿ ಗಿಡದ ಒಣ ದಂಟು.
ಪರಂಗಿ! ಹೆಸರೇ ಹೇಳುತ್ತದೆ, ಅದೂ ಹಡಗು ಇಳಿದು ಬಂದದ್ದು;
ನಮ್ಮ ಸೋಪಿನ ನೀರು ಕುಡಿದು ಕುಡಿದು ಊರಿನದಾಯಿತು.
ಬುಡಕ್ಕೆ ಜರಡಿಯಾಗಿ ರೇಷ್ಮೆಯ ಚಿಂದಿ ಬಿಗಿದೆ.

ಚಿಪ್ಪಿನ ಅರ್ಧಕ್ಕೆ ಸೊಪ್ಪು,
ನಂದಿ ಬೆಟ್ಟದ ಹಾಗೆ ಒಂದು ಮಗ್ಗುಲಿಗೆ ಒರಗಿಸಿ,
ಮೊದಲು ತಣ್ಣೀರು, ಎಲೆಗೆ ಎಚ್ಚರವಾಗಲಿ ಅಂತ.
ಆಮೇಲೆ ಬಿಸಿ, ಆದರೆ ಕುದಿದದ್ದಲ್ಲ.
ಶಾಖ ಅಳೆಯುವ ಕಡ್ಡಿ ನಮ್ಮಲ್ಲಿಲ್ಲ.
ಇಪ್ಪತ್ತೆರಡು ವರ್ಷ ಬಿಸಿನೀರಲ್ಲಿ ಎಳೆಯ ತುದಿ ಹುಡುಕಿ
ಬೆಂದು ಬಿಳಿಚಿದ ಬೆರಳಿದೆ.
ತಳದಲ್ಲಿ ಸಾಸಿವೆ ಗುಳ್ಳೆ ಕೂತು, ಏಳಲೋ ಬೇಡವೋ ಅನ್ನುವಾಗ
ಅದ್ದಿ, ‘ಒಂದು’ ಅನ್ನುವುದರೊಳಗೆ ತೆಗೆದೆ. ಇಷ್ಟೇ ಹದ.

ಮೊದಲ ಗುಟುಕು ಮಾಡಿದವಳದಂತೆ, ಅವರ ಶಾಸ್ತ್ರ.
ಹೊಗೆ. ಹಾಗಲ. ಮಳೆ ನಿಂತ ಮೇಲಿನ ಹಿಪ್ಪುನೇರಳೆ ತೋಟ.
ಹುಳದ ಊಟ ಹೀಗಿರಬಹುದು ಅನ್ನಿಸಿತು.

ಇನ್ನು ಉಳಿದದ್ದು ಕಷ್ಟದ ಕೆಲಸ.
ಇರುವುದೊಂದೇ ದಂಟು, ನಾವು ಐದು ಬಾಯಿ.
ಪಿಳ್ಳಮ್ಮ ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವವಳು.
ನಮ್ಮ ಕೇರಿ ಯಾವುದೆಂದು ಅವಳಿಗೆ ಗೊತ್ತು, ನನಗೂ ಗೊತ್ತು.
ದಂಟನ್ನು ಎತ್ತಿ ಕುಡಿಯಲು ಬರುವುದಿಲ್ಲ.
ನಾನು ಚಾಚಿದ ಚಿಪ್ಪನ್ನು ಅವಳು ನೋಡಿದಳು,
ಒದ್ದೆಯಾದ ತುದಿಯನ್ನು ನೋಡಿದಳು,
ಸೊಂಟದ ಬ್ಲೇಡು ತೆಗೆದು ಎರಡು ಬೆರಳಷ್ಟು ಕತ್ತರಿಸಿ
ಮಿಕ್ಕದ್ದರಲ್ಲಿ ಹೀರಿದಳು. ‘ಥೂ, ಕಹಿ.’
ದಿಲ್‌ಶಾದ್ ಏನೂ ಅನ್ನದೆ ಅವಳೂ ಎರಡು ಬೆರಳು ಕತ್ತರಿಸಿದಳು.
ಬಾಬಾಜಾನ್ ಒಂದು ಬೆರಳು. ಹುಡುಗ ಹಲ್ಲಲ್ಲೇ ಕಚ್ಚಿ ಉಗಿದ.

ಹುಳ ಬಾಯಿಂದ ಬಿಟ್ಟ ಎಳೆಯನ್ನೇ ಉಟ್ಟು
ಯಾರ್ಯಾರೋ ಮಡಿಯಲ್ಲಿ ಕೂರುತ್ತಾರಲ್ಲ,
ಅಂತ ನಾನು ಆಗ ಅನ್ನಲಿಲ್ಲ.
ಹೊಳೆದದ್ದೇ ರಾತ್ರಿ, ಮನೆಗೆ ನಡೆಯುವಾಗ.

ಎರಡನೇ ಸುತ್ತಿಗೆ ಕತ್ತರಿಸಲು ದಂಟೇ ಉಳಿದಿರಲಿಲ್ಲ.
ಪಿಳ್ಳಮ್ಮ ಬ್ಲೇಡನ್ನು ತಿರುಗಿಸಿ ತಿರುಗಿಸಿ ನೋಡಿ
ಸೊಂಟಕ್ಕೆ ಸಿಕ್ಕಿಸಿದಳು. ಮೂಗು ಚಿಪ್ಪಿಗೆ ತಾಗುವಷ್ಟು ಬಗ್ಗಿದಳು.

ಸಾಕಾದವರು ಥ್ಯಾಂಕ್ಸ್ ಅನ್ನಬೇಕಂತೆ,
ಅಲ್ಲಿಯವರೆಗೂ ಸುರಿಯುತ್ತಲೇ ಇರಬೇಕಂತೆ.
ನಮ್ಮ ಷೆಡ್ಡಲ್ಲಿ ಆ ಮಾತು ಯಾರಿಗೂ ರೂಢಿಯಿಲ್ಲ.
ಕರೆಂಟು ಬರುವ ತನಕ ಚಿಪ್ಪು ಸುತ್ತಿತು.

ಮರುದಿನ ಶೀಟಿನ ಮೇಲೆ ಯಾರೋ
ಐದು ಪರಂಗಿ ದಂಟು ಒಣಹಾಕಿದ್ದರು.
ಯಾರೆಂದು ನಾನು ಕೇಳಲಿಲ್ಲ,
ಐದು ಯಾಕೆಂದೂ.