ಹನ್ನೊಂದು ಜನರ ಮೇಜು

ಭಾನುವಾರ ಹನ್ನೆರಡಕ್ಕೆ ಚರ್ಚು ಬಿಡುತ್ತದೆ.
ಹನ್ನೆರಡೂ ಕಾಲಿಗೆ ನಮ್ಮ ಬಾಗಿಲ ಗಂಟೆ
ಬಡಿದುಕೊಳ್ಳಲು ಶುರು.
ಮಾರ್ವಾ ತುರುಬಿಗೆ ಒಂದು ಪೆನ್ನು ಸಿಕ್ಕಿಸಿ
ಅದನ್ನೇ ಜೇಬಿನಲ್ಲಿ ಹುಡುಕುತ್ತಾಳೆ.

ನಾನು ವೆಂಡೆಲ್. ಎಂಜಲು ತಟ್ಟೆ ಎತ್ತುವವನು.
ಊರು ಪಡೂಕಾ, ಕೆಂಟಕಿ.
ಕಿಟಕಿಯಾಚೆ ಒಹಾಯೊ ನದಿಯಲ್ಲಿ
ಕಲ್ಲಿದ್ದಲು ಹೊತ್ತ ದೋಣಿಗಳು,
ಅವಕ್ಕೆ ಯಾವ ಅವಸರವೂ ಇಲ್ಲ.

ಹನ್ನೊಂದು ಜನ ಒಟ್ಟಿಗೆ ಬಂದರು. ಮೂರು ಮೇಜು ಜೋಡಿಸಿದೆವು.
‘ಬಿಲ್ಲು ಮಾತ್ರ ಬೇರೆ ಬೇರೆ’ ಅಂದ ನೀಲಿ ಕೋಟಿನವ,
ಇನ್ನೂ ಕುರ್ಚಿ ಎಳೆದಿರಲಿಲ್ಲ.
ಒಬ್ಬಳಿಗೆ ಈರುಳ್ಳಿ ಬೇಡ,
ಇನ್ನೊಬ್ಬಳಿಗೆ ಬೇಕು, ಆದರೆ ಕಣ್ಣಿಗೆ ಬೀಳಬಾರದು.
ಅಜ್ಜಿಗೆ ನಿಂಬೆ ಹಾಕದ ಬಿಸಿನೀರು, ಮತ್ತು ನಿಂಬೆ.
ಮಗುವಿಗೆ ಮೀನು, ಮೀನಿನ ವಾಸನೆ ಇಲ್ಲದ್ದು.
ಸಿಹಿ ಚಹಾ ಏಳು, ಸಪ್ಪೆ ಎರಡು, ಅರ್ಧರ್ಧ ಒಂದು.
ಮಾರ್ವಾ ಒಂದಕ್ಷರ ಬರೆದುಕೊಳ್ಳಲಿಲ್ಲ.
ಒಂದೂ ತಪ್ಪಲಿಲ್ಲ.

ಎಡಗೈಯಲ್ಲಿ ನಾಲ್ಕು ತಟ್ಟೆ ಹೀಗೆ:
ಒಂದು ಬೆರಳ ಮೇಲೆ, ಒಂದು ಅಂಗೈ ಕೆಳಗೆ ಸಿಕ್ಕಿಸಿ,
ಒಂದು ಮಣಿಕಟ್ಟಿಗೆ,
ಕೊನೆಯದು ಮೊಣಕೈ ಮಡಿಕೆಗೆ.
ಅಲ್ಲೊಂದು ಹಳೆಯ ಸುಟ್ಟ ಗಾಯ,
ತಟ್ಟೆಯಂಚಿನಷ್ಟೇ ಬಾಗಿದ್ದು.

ಆ ಹೊತ್ತಿಗೆ ಅವರು ಕೈ ಕೈ ಹಿಡಿದು ಕಣ್ಣು ಮುಚ್ಚಿದರು.
ನೀಲಿ ಕೋಟಿನವನ ಪ್ರಾರ್ಥನೆ ಉದ್ದ:
ಕಾಯಿಲೆಯವರು, ಸೈನಿಕರು, ಮಳೆ, ಹೊಸ ಚಾವಣಿಯ ನಿಧಿ,
‘ಈ ಅನ್ನ ತಂದ ಕೈಗಳನ್ನೂ ಹರಸು, ತಂದೆ.’
ಆ ಕೈಗಳು
ಬಿಸಿ ತಟ್ಟೆ ಹೊತ್ತು ಅವನ ಬೆನ್ನ ಹಿಂದೆಯೇ ನಿಂತಿದ್ದವು,
ಆಮೆನ್ ಬರಲೆಂದು.

ಕಾನೂನು ಅವಳ ಒಂದು ಗಂಟೆಗೆ ಕಟ್ಟಿದ ಬೆಲೆ
ಎರಡು ಡಾಲರು ಹದಿಮೂರು ಸೆಂಟು.
ಮಿಕ್ಕದ್ದನ್ನು ಉಂಡವರು ಕೊಡುತ್ತಾರೆ ಅಂತ ಅದರ ಭರವಸೆ.
ಕಾನೂನು ಯಾವತ್ತೂ ಭಾನುವಾರ ನಮ್ಮಲ್ಲಿ ಬಡಿಸಿಲ್ಲ.

ಎರಡೂವರೆ ಗಂಟೆ ಕೂತರು.
ಎದ್ದು ಹೋದ ಮೇಲೆ ಮೇಜಿನ ಮೇಲೆ ಹನ್ನೊಂದು ಬಿಲ್ಲು.
ಹತ್ತರಲ್ಲಿ ಟಿಪ್ಸಿನ ಗೆರೆಯ ಮೇಲೆ ಇನ್ನೊಂದು ಗೆರೆ,
ಮಕ್ಕಳು ತಪ್ಪು ಲೆಕ್ಕ ಹೊಡೆದು ಹಾಕುವ ಹಾಗೆ.
ಅಜ್ಜಿಯ ನಿಂಬೆ ಸಿಪ್ಪೆಯ ಕೆಳಗೆ ಮಾತ್ರ
ನಾಲ್ಕು ಒಂದು ಡಾಲರಿನ ನೋಟು, ಸಣ್ಣಗೆ ಮಡಿಸಿದ್ದು,
ಯಾರೂ ನೋಡದಂತೆ.

ಈಗ ಲೆಕ್ಕ ಕೇಳಿ.
ಇನ್ನೂರ ಹನ್ನೆರಡು ಡಾಲರಿನ ಊಟ.
ಊಟದ ಬೆಲೆಯಲ್ಲಿ ನೂರಕ್ಕೆ ನಾಲ್ಕು
ಹಿಂದಿನವರಿಗೆ ಸೇರಬೇಕು: ನನಗೆ,
ಪಾತ್ರೆ ತೊಳೆಯುವ ಇಗ್ನಾಸಿಯೋಗೆ.
ಟಿಪ್ಸು ಬರಲಿ ಬಿಡಲಿ, ಇದು ಮನೆಯ ನಿಯಮ.
ಎಂಟು ಡಾಲರು ನಲವತ್ತೆಂಟು ಸೆಂಟು.
ಅಂದರೆ ಅವರಿಗೆ ಬಡಿಸಿದ ಪುಣ್ಯಕ್ಕೆ
ಮಾರ್ವಾ ಕೈಯಿಂದ ತೆತ್ತದ್ದು
ನಾಲ್ಕು ನಲವತ್ತೆಂಟು.

ರಾತ್ರಿ ಬೂಟು ಕಳಚಿ, ಕಾಲನ್ನು ಉಪ್ಪಿನಕಾಯಿ ಡಬ್ಬದ ಮೇಲಿಟ್ಟು
ಚಿಲ್ಲರೆ ಎಣಿಸಿದಳು. ನನ್ನ ಪಾಲು ಕಾಗದದ ಲೋಟದಲ್ಲಿ.
‘ಬೇಡ ಮಾರ್ವಾ, ಇವತ್ತು.’
‘ನೀನು ತಟ್ಟೆ ಎತ್ತಿದೆಯೋ ಇಲ್ಲವೋ?’
ಎತ್ತಿದ್ದೆ.
ತಗೊಂಡೆ. ಬಸ್ಸಿಗೆ ಬೇಕಿತ್ತು, ನಿಜ ಹೇಳುತ್ತೇನೆ.

ಇನ್ನೊಂದು ನಿಜವೂ ಇದೆ.
ಹೋದ ತಿಂಗಳು ನ್ಯಾಶ್‌ವಿಲ್ಲಿನಲ್ಲಿ ಹೊಟ್ಟೆ ತುಂಬ ಉಂಡು,
ಬಿಲ್ಲು ನೋಡಿ ಬೆಚ್ಚಿ,
ಒಂದೇ ಡಾಲರಿಟ್ಟು ಬಾಗಿಲ ಕಡೆ
ಜೋರಾಗಿ ನಡೆದಿದ್ದೆ.
ಬಡಿಸಿದವಳ ಮುಖ ನೆನಪಿಲ್ಲ.
ಲೋಟ ಬರಿದಾಗಲು ಬಿಡಲೇ ಇಲ್ಲ ಅವಳು,
ಅದು ನೆನಪಿದೆ.

ಮುಂದಿನ ಭಾನುವಾರ ಹನ್ನೆರಡೂ ಕಾಲು.
ಗಂಟೆ ಬಡಿಯಿತು. ನೀಲಿ ಕೋಟು, ಹಿಂದೆ ಹತ್ತು ಜನ.
‘ನಮಗೆ ಮಾರ್ವಾನೇ ಬೇಕು’ ಅಂದ ನಗುತ್ತ,
‘ಅವಳು ನಮ್ಮ ಮನೆಯವಳ ಹಾಗೆ.’

ನಾನು ಮೇಜು ಜೋಡಿಸಿದೆ.
ಅಜ್ಜಿ ಈ ಸಲ ಬಂದಿರಲಿಲ್ಲ.
ಮಾರ್ವಾ ಒಮ್ಮೆ ತಲೆ ಎಣಿಸಿ,
ಎರಡನೇ ಸಲ ಎಣಿಸಿ,
ಪೆನ್ನು ಹುಡುಕತೊಡಗಿದಳು.