ಪ್ರಶ್ನೆ ಹದಿಮೂರು, ಹತ್ತು ಅಂಕ

ಮೇ ತಿಂಗಳು, ವಿಜಯಪುರ, ಮೌಲ್ಯಮಾಪನ ಕೇಂದ್ರ.
ಫ್ಯಾನಿನ ಗಾಳಿಗೂ ಕಾವು. ಹಾಳೆ ಹಾರದಂತೆ
ಬುತ್ತಿ ಡಬ್ಬಿಯ ಮುಚ್ಚಳ ಹೇರಿ ಕೂತಿದ್ದೇನೆ.
ದಿನಕ್ಕೆ ನಲವತ್ತು ಪತ್ರಿಕೆ, ಕೆಂಪು ಶಾಯಿ, ಎರಡು ಸಲ ಚಾ.

ಆಫ್ರಿಕದ ಆತ್ಮಕಥೆಯೊಳಗಿನ ಬಾಲ್ಯವನ್ನೂ
ಅಮೆರಿಕದ ಕರಿಯರ ಆತ್ಮಕಥೆಯೊಳಗಿನ ಬಾಲ್ಯವನ್ನೂ
ಹೋಲಿಸಿ ಬರೆಯಿರಿ.

ಎಲ್ಲರೂ ಒಂದೇ ಗೈಡು ಓದಿದವರು.
ನಡುವೆ ಸ್ಕೇಲಿಟ್ಟು ಗೆರೆ.
ಎಡಕ್ಕೆ ಊರು, ಅಜ್ಜಿ, ಹೆಸರಿಟ್ಟ ದಿನದ ಡೋಲು,
ಬಲಕ್ಕೆ ಬೇಲಿ, ಹಸಿವು, ಗೊತ್ತಿಲ್ಲದ ಹುಟ್ಟಿದ ತಾರೀಖು.
ಎಡಗಡೆಯ ಹುಡುಗನಿಗೆ ತಾನು ಕರಿಯನೆಂದು
ಹಡಗು ಹತ್ತುವವರೆಗೆ ಯಾರೂ ಹೇಳಿರಲಿಲ್ಲ.
ಬಲಗಡೆಯ ಹುಡುಗಿಗೆ ಆರನೆಯ ವರ್ಷಕ್ಕೇ ತಿಳಿಯಿತು,
ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ
ಹಲಗೆಯ ಮೇಲೆ ಇಟ್ಟಾಗ.
ಸರಿ. ಆರು. ಆರೂವರೆ. ಐದು. ಮುಂದೆ.

ಇಪ್ಪತ್ತೊಂಬತ್ತನೆಯದು. ಹೆಸರಿಲ್ಲ, ಬರೀ ಬಾರ್‌ಕೋಡು.
ಹುನಗುಂದದ ಕಡೆಯ ಹುಡುಗಿ ಇರಬೇಕು,
ಮಾತಾಡಿದ ಹಾಗೇ ಬರೆದಿದ್ದಾಳೆ.
ಎಳೆದದ್ದು ಎರಡು ಗೆರೆ. ಹಾಗಾಗಿ ಮೂರು ಅಂಕಣ.
ಮೂರನೆಯದಕ್ಕೆ ಶಿರೋನಾಮೆ ಇಲ್ಲ.

"ನಮ್ಮೂರಾಗ ಹೊಲ ಎಷ್ಟು ಕರಿ ಇರತೈತಿ ಅಷ್ಟು ರೇಟು.
ಮಸಾರಿಗೆ ಒಂದು, ಎರಿಗೆ ಮೂರು ಪಟ್ಟು.
ನಮ್ಮಪ್ಪ ಎರಿ ಮಣ್ಣ ಮುಟಿಗ್ಯಾಗ ಹಿಡದು
ಬಂಗಾರ ಅಂತಾನ.
ನನ್ನ ಹೆಸರು ಬರಿಯಾಂಗಿಲ್ಲ, ರೂಲ್ಸ್ ಐತಿ.
ಮನ್ಯಾಗ ಇದ್ದಲಿ ಅಂತಾರ,
ಅದನ್ನ ಬರದರ ನಡೀತೈತೇನೋ.

ಹೊಲ ನೋಡಾಕ ಬಂದವರು ಮುಂಗಡ ಕೊಟ್ಟು ಹೋದರು.
ನಮ್ಮಕ್ಕನ ನೋಡಾಕ ಬಂದವರು ಚಾ ಕುಡದು ಹೋದರು.
ಒಂದ ವಾರದಾಗ, ಒಂದ ಜಮಖಾನಿ ಮ್ಯಾಲೆ.
ಆವಾಗ ನಾ ಎಂಟು ವರ್ಷದಾಕಿ.
ಯಾರೂ ಏನೂ ಅನಲಿಲ್ಲ. ಕಪ್ಪು ನಾನ ತೊಳದೆ.

ಎಡಗಡಿ ಹುಡುಗನ ಊರು ನನಗೂ ಐತಿ,
ಅಜ್ಜಿ ಅದಾಳ, ಹಾಡು ಅದಾವ.
ಬಲಗಡಿ ಹುಡುಗಿಯ ಅಂಗಡಿ ಹಲಗಿನೂ ಐತಿ,
ಆದರ ಅದು ನಮ್ಮ ಪಡಸಾಲ್ಯಾಗ ಐತಿ.
ಅವರಿಬ್ಬರೂ ದೊಡ್ಡವರಾಗಿ ಪುಸ್ತಕ ಬರದರು.
ನಮ್ಮಕ್ಕ ಬರಿಯಾಂಗಿಲ್ಲ. ಟೈಮ್ ಆತು."

ಕಪ್ಪು ನಾನ ತೊಳದೆ.
ಆ ಸಾಲಿನ ಕೆಳಗೆ ಅವಳು ಗೆರೆ ಎಳೆದಿರಲಿಲ್ಲ.
ಕೆಂಪು ಶಾಯಿಯಲ್ಲಿ ನಾನು ಎಳೆದೆ,
ತಪ್ಪೆಂದು ತಿಳಿದಾರು ಎಂದು ಪಕ್ಕಕ್ಕೊಂದು ಸರಿ ಗುರುತು ಹಾಕಿದೆ.

ಹೆಗಲ ಮೇಲಿಂದ ಬಗ್ಗಿ ನೋಡಿದರು ಮನಗೂಳಿ ಸರ್.
"ಮೂರನೇದು ಸಿಲಬಸ್‌ದಾಗ ಇಲ್ಲರೀ ಮೇಡಂ,
ಹೊಡದ ಹಾಕ್ರಿ."
ಎಷ್ಟು ಕೊಟ್ಟೆ ಎಂದು ಇಲ್ಲಿ ಬರೆಯುವಂತಿಲ್ಲ.
ರೂಲ್ಸ್ ಇದೆ.

ಸಂಜೆ ಬಸ್‌ಸ್ಟ್ಯಾಂಡಿನ ಒಳದಾರಿಯಲ್ಲಿ
ಮುಳ್ಳುಜಾಲಿ ಬೆಳೆದ ಒಂದು ಸಣ್ಣ ಗುಮ್ಮಟ.
ಯಾವನೋ ಹಬಶಿ ಸರದಾರನದಂತೆ.
ಅದರ ಕಂಬಕ್ಕೆ ಇದ್ದಲಿಯಲ್ಲಿ ಮೂರು ಗೀಟು ಬರೆದು
ಹುಡುಗರು ವಿಕೆಟ್ಟು ಮಾಡಿಕೊಂಡಿದ್ದಾರೆ.
ಕಡಲಾಚೆ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ,
ಕಡೆಗೆ ಕುದುರೆ, ಕತ್ತಿ, ಜಹಗೀರು, ಈ ಕಲ್ಲು.
ಸತ್ತದ್ದಕ್ಕೆ ಗುರುತಿದೆ.
ಆದರೆ ಮಾರುವ ಹಿಂದಿನ ದಿನ
ಅವನೂ ಹೀಗೇ ಏನನ್ನೋ ಎಸೆದು, ಹಿಡಿದು, ಕೂಗಿರಬೇಕಲ್ಲ.
ಅವ್ವ ಅವನನ್ನು ಏನೆಂದು ಕರೆಯುತ್ತಿದ್ದಳು?
ಯಾವ ಅಂಕಣದಲ್ಲಿ ಬರೆಯಲಿ ಅದನ್ನು?
"ಮೇಡಂ, ಸರೀರಿ, ಬಾಲ್ ಬಡದೀತು!"

ಮಗಳ ಫೋನು. ಬರುವಾಗ ಆ ಕ್ರೀಮು ತಾ,
ಮರೀಬೇಡ, ಹೋದ ಸಲವೂ ಮರೆತೆ.
ಮರೆತಿರಲಿಲ್ಲ ನಾನು.

ಈ ಸಲ ಕೊಂಡೆ.
ಅಂಗಡಿಯವನು ಚಿಲ್ಲರೆಯನ್ನು ಹಲಗೆಯ ಮೇಲಿಟ್ಟ.
ಎಲ್ಲರಿಗೂ ಹಾಗೇ ಇಡುತ್ತಾನೆ, ಬಲ್ಲೆ.
ಆದರೂ ಹಿಂದಿನವರು "ನಡೀರಿ" ಎನ್ನುವವರೆಗೆ
ಆ ಎರಡು ನಾಣ್ಯ ನೋಡುತ್ತ ನಿಂತಿದ್ದೆ.