ಬೆಡಗು

ಬೈಕಿನ ಹಿಂದ ಕಟ್ಟಿದ ಡಬ್ಬಿಯೊಳಗ
ಸೊನ್ನೆಗಿಂತ ನೂರಾ ತೊಂಬತ್ತಾರು ಕೆಳಗಿನ ಚಳಿ.
ಹೊರಗ ಹಸ್ತದ ಮಳಿ ಕೈ ಕೊಟ್ಟ ಬಿಸಲು,
ಅಮ್ಮಿನಭಾವಿ ದಾರಿಗುಂಟ ಎರಿ ಹೊಲ.
ನಡುವ ನಾನು,
ಬೆನ್ನ ಹಿಂದ ನಲವತ್ತು ಕಡ್ಡಿ, ನಲವತ್ತು ತಂದಿ.
ಅವರೊಳಗ ಕೆಲವರು ಸತ್ತು ವರ್ಷಗಟ್ಟಲೆ ಆತು,
ಸತ್ತ ಮ್ಯಾಲೂ ತಂದಿಯಾಗೂದು ಬಿಟ್ಟಿಲ್ಲ.

ಬಾಳವ್ವ ಹಣಬರ ಫೋನ್ ಮಾಡಿದ್ದು ನಸುಕಿನಾಗ:
"ಲಗೂ ಬಾ ತಮ್ಮಾ, ಚಂದ್ರಿ ಮೈ ಬ್ಯಾರೆ ಆಗೈತಿ."
ಎಮ್ಮಿ ಬೆದಿ ಮೂಕ.
ಆಕಳಂಗ ಒದರಿ ಊರಿಗೆ ಸಾರೂದಿಲ್ಲ.
ಬಾಲ ಒಂದೀಟು ಸರಿಸಿ ನಿಂತದ್ದು,
ಹಿಂಡಿ ಇಟ್ಟರೂ ಗ್ವಾದ್ಲ್ಯಾಗ ಬಾಯಿ ಹಾಕದ್ದು,
ಅಷ್ಟರಾಗ ಓದಬೇಕು. ಆಕಿ ಓದತಾಳ.
ಡಿಪ್ಲೊಮಾ ಮಾಡಿ ನಾ ಕಲಿತದ್ದು ಅದರ ಅರ್ಧ.

ಹೋದ ಸಲ ಬಂದಾಗ
ಜಿಲೇಬಿ ಕೋಡಿನ ಉತ್ತರದ ಕೋಣ ತೋರಿಸಿದ್ದೆ.
"ಇದರ ಮಗಳು ಹದಿನೈದು ಲೀಟರ್, ಕಾಗದಾ ನೋಡವ್ವಾ."
"ಕಾಗದಾ ಹಿಂಡಾಕ ಬರತೈತೇನು?
ಅಷ್ಟು ದೊಡ್ಡ ಹೊಟ್ಟಿಗೆ ನಾ ಎಲ್ಲಿಂದ ತರಲಿ?
ನಮ್ಮದಕ್ಕ ಜ್ವಾಳದ ಕಣಿಕಿ ಆದ್ರ ಆತು.
ಹಾಲು ಕಡಿಮಿ ಖರೆ, ಕೆನಿ ಬೆರಳು ಬಿಡೂದಿಲ್ಲ.
ಕೋಡು ಕುಡಗೋಲಿನಂಗ ಹೆಗಲಿನ ತನಕ ಬಂದಿರಬೇಕು.
ತಂದ್ರ ಅಂಥದ್ದು ತಾ."

ಎರಡು ಬೆದಿ ಖಾಲಿ ಬಿಟ್ಟಳು.
ನಾ ಮ್ಯಾಲಿನವರಿಗೆ ಬರದೆ, ಬೇಡಿಕೊಂಡೆ,
ಧಾರವಾಡದ ದೊಡ್ಡ ಹಂಡೆದ ತಳದಾಗ ಕಡೀಕ ಸಿಕ್ಕಿತು
ಊರ ತಳಿದು, ಒಂದ ಒಂದು ಕಡ್ಡಿ.
ಕಸಬರಿಗಿ ಕಡ್ಡಿಯಷ್ಟು ಸಣ್ಣದು, ಮೈಮ್ಯಾಲ ನಂಬರು.

ಚಿಮಟಿಗೆಲೆ ಎತ್ತಿದೆ. ಬಿಳಿ ಹೊಗಿ ದಂದಕ್ಕಿಗೆ ಇಳೀತು.
ಮೂವತ್ತೇಳು ಡಿಗ್ರಿ ನೀರಿನಾಗ ಬಿಟ್ಟು
ಎಣಿಸಾಕ ಹತ್ತಿದೆ, ಮೂವತ್ತರ ತನಕ.
ಏಳಕ್ಕೋ ಎಂಟಕ್ಕೋ ಬಾಳವ್ವ ಕೇಳಿದಳು,
ಚಂದ್ರಿ ಹಣಿಯ ಸುಳಿ ಸವರಿಕೋತ:
"ಯಾರ ಮಗಾ ಇದು?"

ಹನ್ನೊಂದು ವರ್ಷದಾಗ ಯಾರೂ ಕೇಳಿದ್ದಿಲ್ಲ.
ಹಾಲೆಷ್ಟು, ರೊಕ್ಕ ಎಷ್ಟು, ಹೆಣ್ಣ ಹುಟ್ಟತೈತೇನು,
ಇಷ್ಟ ಕೇಳ್ಯಾರ.
ಮೊಬೈಲಿನಾಗ ನಂಬರು ಒತ್ತಿದೆ.
ತಂದಿ, ಗೊತ್ತಿಲ್ಲ. ತಾಯಿ, ಕಿವಿಬಿಲ್ಲೆ ಇಲ್ಲ.
ಕರು ಕೊಂಡದ್ದು ಅಮ್ಮಿನಭಾವಿ,
ಹಣಬರ ಫಕೀರಪ್ಪನ ಕಡಿಂದ.

ಆಕಿ ಕೈ ಸುಳಿಮ್ಯಾಲ ನಿಂತಿತು.
"ಫಕೀರಪ್ಪ ನನ್ನ ಅಜ್ಜ. ಮಾವನೂ ಅವನ.
ಆ ಕೋಣಗರು ಸುಬ್ಬೀದು.
ಒಯ್ದಾಗ ಮೂರು ದಿನ ಸೊರ ಬಿಟ್ಟಿದ್ದಿಲ್ಲ ಅದು.
ಸುಬ್ಬಿ ಮಗಳು ಬಾಗಿ, ಬಾಗಿ ಮಗಳು ಕೆಂಚಿ,
ಕೆಂಚಿ ಹೊಟ್ಟ್ಯಾಗ ಚಂದ್ರಿ.
ಇಂವ ಇಕಿ ಅಜ್ಜಿಗೆ ಅಣ್ಣ. ಒಂದ ಬೆಡಗು. ಬ್ಯಾಡ."

"ಬೆಡಗು ತಂದಿ ಕಡಿಂದ ಅಲ್ಲೇನವ್ವಾ?"
"ನಮಗ. ಎಮ್ಮಿಗೆ ತಂದಿ ಎಲ್ಲದಾನ?
ನಿನ್ನ ಡಬ್ಬ್ಯಾಗ ಅದಾನ."

ನಕ್ಕೆ. ನಾವೇನು ಸ್ವಾದರಮಾವನ್ನ
ಮಾಡಿಕೊಳ್ಳಾಂಗಿಲ್ಲೇನು ಅಂತನೂ ಅಂದೆ.
ಅನಬಾರದಿತ್ತು.
"ನಾ ಮಾಡಿಕೊಂಡೇನಲ್ಲ," ಅಂದಳು.
"ಎರಡು ಕೂಸು ಮಣ್ಣಿಗಿಟ್ಟೇನಿ."
ಮತ್ತ ಸುಳಿ ಸವರಾಕ ಹತ್ತಿದಳು.

ಮೂವತ್ತು ಯಾವಾಗೋ ದಾಟಿತ್ತು.
ಒಮ್ಮೆ ಕರಗಿದ್ದು ಮತ್ತ ಹೆಪ್ಪಿಗೆ ಹೋಗೂದಿಲ್ಲ.
ಊರ ತಳಿ, ಒಂದ ಒಂದು ಕಡ್ಡಿ,
ಬೆಚ್ಚನ್ನ ನೀರಿನಾಗ ಸುಮ್ಮನ ನಿಂತಿತ್ತು.

ರಿಜಿಸ್ಟರಿನಾಗ 'ಹಾಳಾದದ್ದು, ಕಾರಣ' ಅಂತ
ಒಂದಿಂಚಿನ ಮನಿ ಐತಿ.
'ಬೆಡಗು' ಅಂತ ಬರದೆ.
ಮ್ಯಾಲಿನವರು ಚೆಲುವಿಕಿ ಅಂತ ಓದಿಕೊಂಡಾರು, ಓದಲಿ.

ಚಾ ಕುಡಿಸಿ ಕಳಿಸಿದಳು.
"ಕಿರೇಸೂರ ಕಡೆ ಒಬ್ಬಾಕಿ ಕೋಣ ಸಾಕ್ಯಾಳಂತ.
ಹೋಗಿ ನೋಡು. ಕೋಡು ಆಮ್ಯಾಲ ನೋಡುವಂತಿ,
ಮೊದಲ ಅದರವ್ವನ ಹೆಸರು ಕೇಳು."

ಇಪ್ಪತ್ತೊಂದು ದಿನ ಐತಿ.
ತೆಗ್ಗು ಬಂದಾಗೊಮ್ಮೆ ಹಿಂದ ಡಬ್ಬಿ ಬುಸ್ಸಂತೈತಿ.
ಇನ್ನೂ ಮೂವತ್ತೊಂಬತ್ತು ಮಂದಿ ಅದಾರ ಒಳಗ,
ಒಬ್ಬರ ಅವ್ವನ ಹೆಸರೂ ನನಗ ಬರೂದಿಲ್ಲ.